ಮುಂಬಯಿಯಲ್ಲಿ ಕಲಿತ ಕನ್ನಡ

ವಿಜಯಪುರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗೋಳಗುಮ್ಮಟ. ದೂರದ ಊರುಗಳಿಂದ ಬಂದವರು ಅದರ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಮ್ಮೆ ಕೂಗಿ, ತಮ್ಮ ದನಿಯೇ ಮತ್ತೆ ಮತ್ತೆ ಮರಳಿ ಬರುವುದನ್ನು ಕೇಳಿ ಬೆರಗಾಗುತ್ತಾರೆ. ಅದೇ ಊರಿನಲ್ಲಿ ಅರುವತ್ತು ವರ್ಷ ಬಾಳಿದ ವಕೀಲರೊಬ್ಬರು ಏಳೆಂಟು ಶತಮಾನಗಳ ಹಿಂದೆ ಆಡಿದ ಮಾತುಗಳನ್ನು ನಾಡಿನ ಕಿವಿಗೆ ಮರಳಿ ಮುಟ್ಟಿಸಿದರು. ಅವರೇ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಜನರು ಅವರನ್ನು ವಚನ ಪಿತಾಮಹರೆಂದು ಕರೆದರು. ಈ ಹಿರಿಯ ಕಾರ್ಯದ ಬೀಜ ಮೊಳೆತದ್ದು ವಿಜಯಪುರದಲ್ಲಿ ಅಲ್ಲ, ಅವರು ಹುಟ್ಟಿದ ಧಾರವಾಡದಲ್ಲಿಯೂ ಅಲ್ಲ. ಕನ್ನಡವನ್ನು ಆಡುವವರೇ ವಿರಳವಾಗಿದ್ದ ಮುಂಬಯಿ ಮಹಾನಗರದಲ್ಲಿ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಾಲಾ ಶಿಕ್ಷಕರು, ಲೇಖಕರೂ ಆಗಿದ್ದರು. ತಾಯಿ ದಾನಮ್ಮನವರು ಮಗು ಇನ್ನೂ ಮೂರು ವರ್ಷದ್ದಾಗಿರುವಾಗಲೇ ತೀರಿಕೊಂಡರು. ತಬ್ಬಲಿ ಮಗುವನ್ನು ಅಜ್ಜಿ ಬಸಮ್ಮನವರು ಸಾಕಿ ಸಲಹಿದರು. ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ, ಪುಸ್ತಕಗಳಿದ್ದುವು. ಅದೇ ತಿಂಗಳಿನಲ್ಲಿ, ಹತ್ತು ದಿನಗಳ ಅಂತರದಲ್ಲಿ, ವಿಜಾಪುರದಲ್ಲಿ ಇನ್ನೊಂದು ಮಗು ಜನಿಸಿತ್ತು. ಮುಂದೆ ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರೇ ಆ ಮಗು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರದವರಾದರು, ವಿಜಾಪುರದಲ್ಲಿ ಹುಟ್ಟಿದವರು ಧಾರವಾಡದವರಾದರು. ಇಬ್ಬರೂ ಕನ್ನಡಕ್ಕಾಗಿ ಬದುಕನ್ನು ಸವೆಯಿಸಿದರು.

ಆ ಕಾಲದ ಧಾರವಾಡದ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದುವು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿತ್ತು. ಕನ್ನಡದ ಮಕ್ಕಳು ಕನ್ನಡದಲ್ಲಿ ಓದುವಂತಾದದ್ದು ಡೆಪ್ಯುಟಿ ಚನ್ನಬಸಪ್ಪನವರಂಥ ಅಧಿಕಾರಿಗಳ ಹಟದಿಂದ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾದಾಗ ಹಳಕಟ್ಟಿಯವರು ಹತ್ತು ವರ್ಷದ ಬಾಲಕ. ಹೀಗೆ ಕನ್ನಡವು ಕಣ್ಣುಬಿಡುತ್ತಿದ್ದ ಊರಿನಲ್ಲಿ ಅವರು ಬೆಳೆದರು. ಆದರೆ ನಮ್ಮ ಅಂಗಳದಲ್ಲಿ ಬೆಳೆದ ಮರದ ನೆರಳನ್ನು ನಾವು ನೆರಳೆಂದು ಎಣಿಸುವುದಿಲ್ಲ. ಬಿಸಿಲಿಗೆ ಬಂದ ಮೇಲೆ ಅದರ ನೆನಪಾಗುತ್ತದೆ.

1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಳಕಟ್ಟಿಯವರು ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ಹೊರಟರು. ಆಗ ಧಾರವಾಡದಲ್ಲಿ ಕಾಲೇಜು ಇರಲಿಲ್ಲ. ಪದವಿಯ ಆಸೆಯುಳ್ಳ ಕನ್ನಡದ ಹುಡುಗನಿಗೆ ಪುಣೆ ಇಲ್ಲವೆ ಮುಂಬಯಿಯೇ ಗತಿ. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಮುಂದಿನ ತಲೆಮಾರಿನ ಕನ್ನಡಿಗರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಗೋಕಾಕ ಸೀಮೆಯ ದಾ. ಚಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತವನ್ನೋದಿ ರ‍್ಯಾಂಗ್ಲರ್ ಎನಿಸಿದರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿದ್ದು ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗದ ಪದವಿಯನ್ನು ಪಡೆದರು. ಆದರೆ 1896ರಲ್ಲಿ ಹದಿನಾರು ವರ್ಷದ ಹುಡುಗನಿಗೆ ಮುಂಬಯಿಯೇ ಒಂದು ಪರದೇಶ. ಧಾರವಾಡದ ಕಡೆಯ ಕಿರಿದಾದ ಹಳಿಯ ಗಾಡಿಯಲ್ಲಿ ಪುಣೆಯವರೆಗೆ ಹೋಗಿ, ಅಲ್ಲಿ ಇಳಿದು, ದೊಡ್ಡ ಹಳಿಯ ಗಾಡಿಯನ್ನು ಹತ್ತಿ, ಸಹ್ಯಾದ್ರಿಯ ಬೋರಘಾಟನ್ನು ಇಳಿದರೆ ಮುಂಬಯಿ. ಅಷ್ಟರಲ್ಲಿ ಪ್ರಯಾಣಿಕರ ಮಾತು ಬದಲಾಗಿರುತ್ತಿತ್ತು. ಕಿಟಕಿಯಾಚೆಯ ಮಣ್ಣಿನ ಬಣ್ಣವೂ ಬದಲಾಗಿರುತ್ತಿತ್ತು.

ಆಗಿನ ಮುಂಬಯಿ ಎಂಟು ಲಕ್ಷಕ್ಕೂ ಮಿಕ್ಕಿದ ಜನರ ನಗರ. ಸಮುದ್ರ, ಹಡಗುಕಟ್ಟೆ, ಹತ್ತಿಯ ಗಿರಣಿಗಳ ಹೊಗೆ, ಕುದುರೆಗಳು ಎಳೆಯುವ ಟ್ರಾಮ್ ಗಾಡಿಗಳು, ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರದ ಗಡಿಯಾರ — ಧಾರವಾಡದ ಮಣ್ಣಿನ ಹಾದಿಗಳಲ್ಲಿ ಓಡಾಡಿದವನಿಗೆ ಇವೆಲ್ಲವೂ ಹೊಸತು. ಸೇಂಟ್ ಝೇವಿಯರ್ ಕಾಲೇಜು 1869ರಲ್ಲಿ ಜರ್ಮನಿಯ ಜೆಸುಯಿಟ್ ಪಾದ್ರಿಗಳು ಕಟ್ಟಿದ ವಿದ್ಯಾಸಂಸ್ಥೆ. ಪಾಠ ಇಂಗ್ಲಿಷಿನಲ್ಲಿ, ಬೀದಿಯ ಮಾತು ಮರಾಠಿ, ವ್ಯಾಪಾರದ ಮಾತು ಗುಜರಾತಿ. ಕನ್ನಡಕ್ಕೆ ಅಲ್ಲಿ ಯಾವ ಬಾಗಿಲೂ ತೆರೆದಿರಲಿಲ್ಲ.

ಹಳಕಟ್ಟಿಯವರು ಕಾಲೇಜು ಸೇರಿದ ವರ್ಷವೇ ಆ ನಗರಕ್ಕೆ ಮಹಾಮಾರಿ ಕಾಲಿಟ್ಟಿತು. 1896ರ ಸಪ್ಟಂಬರದಲ್ಲಿ ಹಡಗುಕಟ್ಟೆಯ ಬಳಿಯ ಮಾಂಡವಿ ಪೇಟೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಮನೆಮನೆಗೆ ತಪಾಸಣೆ, ನಿಲ್ದಾಣಗಳಲ್ಲಿ ವೈದ್ಯರ ಕಾವಲು. 1898ರ ಹೊತ್ತಿಗೆ ಆ ಬೇನೆ ಹುಬ್ಬಳ್ಳಿ-ಧಾರವಾಡಗಳನ್ನೂ ಮುಟ್ಟಿತು. ಮರುವರ್ಷ ಪಶ್ಚಿಮ ಭಾರತದಲ್ಲೆಲ್ಲ ಭೀಕರ ಬರ. ಪರಸ್ಥಳದಲ್ಲಿ ಕಲಿಯುವ ಬಡ ಶಿಕ್ಷಕರ ಮಗನಿಗೆ ಇವು ಎಂಥ ವರ್ಷಗಳಾಗಿದ್ದಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಅನೇಕರು ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದ ಕಾಲವದು. ಹಳಕಟ್ಟಿಯವರು ಬಿಡಲಿಲ್ಲ. 1901ರಲ್ಲಿ ವಿಜ್ಞಾನದ ಪದವಿಯನ್ನೂ, 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು.

ಪದವಿಗಳೆರಡೂ ಕಾಲೇಜು ಕೊಟ್ಟವು. ಅವರ ಬದುಕನ್ನು ತಿದ್ದಿದ ಪಾಠವನ್ನು ಕಲಿಸಿದ್ದು ಮಾತ್ರ ಆ ನಗರ. ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಯನ್ನು ಎಷ್ಟು ಅಕ್ಕರೆಯಿಂದ ಬೆಳೆಸುತ್ತಿದ್ದಾರೆಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಗುಜರಾತಿಯ ಮುಂಬಯಿ ಸಮಾಚಾರ ಪತ್ರಿಕೆ 1822ರಿಂದ ನಡೆದುಬಂದಿತ್ತು. ನಿರ್ಣಯಸಾಗರ ಮುದ್ರಣಾಲಯವು ಸಂಸ್ಕೃತ, ಮರಾಠಿ ಗ್ರಂಥಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿ ದೇಶಕ್ಕೆಲ್ಲ ಕಳುಹಿಸುತ್ತಿತ್ತು. ಮರಾಠಿ ನಾಟಕ ಮಂಡಲಿಗಳ ಆಟಗಳಿಗೆ ಜನ ಮುಗಿಬೀಳುತ್ತಿದ್ದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರಂಥ ಹಿರಿಯರು ದೇಶಭಾಷೆಗಳಿಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆಯಬೇಕೆಂದು 1901ರಲ್ಲಿ ತೀರಿಕೊಳ್ಳುವವರೆಗೂ ಹೋರಾಡಿದರು.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಸಂತ ತುಕಾರಾಮರ ಅಭಂಗಗಳನ್ನು ಮುಂಬಯಿಯ ವಿದ್ವಾಂಸರು ಹಸ್ತಪ್ರತಿಗಳೊಡನೆ ಹೋಲಿಸಿ, ಪಾಠಗಳನ್ನು ಶೋಧಿಸಿ, 1869ರಿಂದ 1873ರ ಅವಧಿಯಲ್ಲಿಯೇ ಇಂದುಪ್ರಕಾಶ ಮುದ್ರಣಾಲಯದಿಂದ ಪ್ರಕಟಿಸಿದ್ದರು. ಸರಕಾರವೂ ಅದಕ್ಕೆ ಹಣದ ನೆರವು ನೀಡಿತ್ತು. ಹಳ್ಳಿಯ ವಾರಕರಿಗಳ ಬಾಯಲ್ಲಿದ್ದ ಅಭಂಗ ಹೀಗೆ ಓದಿದವರ ಕೈಗೂ ಬಂತು. ಪ್ರಾರ್ಥನಾ ಸಮಾಜದ ಸುಶಿಕ್ಷಿತರು ಅದನ್ನು ಹಾಡಿದರು. ತುಕಾರಾಮರು ಹದಿನೇಳನೆಯ ಶತಮಾನದವರು. ಅವರಿಗಿಂತ ಐನೂರು ವರ್ಷ ಮೊದಲೇ ಕನ್ನಡದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರು ಆಡುಮಾತಿನಲ್ಲಿಯೇ ವಚನಗಳನ್ನು ನುಡಿದಿದ್ದರು. ಆದರೆ ಆ ವಚನಗಳು ಎಲ್ಲಿದ್ದುವು? ಅಲ್ಲೊಂದು ಇಲ್ಲೊಂದು ಅಚ್ಚಾಗಿದ್ದುದನ್ನು ಬಿಟ್ಟರೆ ಉಳಿದುವೆಲ್ಲ ಮಠಗಳ ಅಟ್ಟದಲ್ಲಿ, ಮನೆಗಳ ಜಗಲಿಯ ಮೇಲೆ, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳಲ್ಲಿ ಮಲಗಿದ್ದುವು. ಜನ ಅವುಗಳಿಗೆ ಹೂವೇರಿಸಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ಕಡಮೆ. ಬಿಚ್ಚದ ಕಟ್ಟನ್ನು ಹುಳು ಬಿಚ್ಚುತ್ತಿತ್ತು.

ನೆರೆಯವನ ಏಳಿಗೆಯನ್ನು ಕಂಡು ಕರುಬುವವರುಂಟು. ತನ್ನದನ್ನು ಕೀಳೆಂದು ಬಗೆದು ನೆರೆಯವನ ನುಡಿಗೇ ಒಲಿದುಹೋಗುವವರೂ ಉಂಟು. ಮುಂಬಯಿ ಇಲಾಖೆಯ ಕನ್ನಡಿಗರಲ್ಲಿ ಆಗ ಇಂಥವರೇ ಹೆಚ್ಚಾಗಿದ್ದರು, ಮರಾಠಿಯಲ್ಲಿ ಪತ್ರ ಬರೆಯುವುದನ್ನು ದೊಡ್ಡಸ್ತಿಕೆಯೆಂದು ತಿಳಿದಿದ್ದರು. ಹಳಕಟ್ಟಿಯವರು ಮರಾಠಿಯನ್ನು ದ್ವೇಷಿಸಲಿಲ್ಲ. ಮರಾಠಿಗರು ತಮ್ಮ ನುಡಿಗೆ ಮಾಡಿದ್ದನ್ನು ತಾವು ತಮ್ಮ ನುಡಿಗೆ ಮಾಡಬೇಕೆಂದು ನಿಶ್ಚಯಿಸಿದರು. ನನ್ನ ಅಭಿಪ್ರಾಯದಲ್ಲಿ ಅವರು ಮುಂಬಯಿಯಿಂದ ತಂದ ದೊಡ್ಡ ಗಳಿಕೆ ಇದೇ.

ಕಾನೂನು ಪದವೀಧರರಿಗೆ ಆಗ ಮುಂಬಯಿಯಲ್ಲಿಯೇ ನೆಲೆಸಿ ಹೈಕೋರ್ಟಿನಲ್ಲಿ ವಕೀಲಿ ಮಾಡುವ ಹಾದಿ ತೆರೆದಿತ್ತು. ಹಣವೂ ಹೆಸರೂ ಅಲ್ಲಿದ್ದುವು. ಹಳಕಟ್ಟಿಯವರು ಊರಿನತ್ತ ಮುಖ ಮಾಡಿದರು. ಕೆಲಕಾಲ ಬೆಳಗಾವಿಯಲ್ಲಿದ್ದು, 1904ರಲ್ಲಿ ವಿಜಾಪುರಕ್ಕೆ ಬಂದು ವಕೀಲಿಯನ್ನು ಆರಂಭಿಸಿದರು. ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿಗಳು ವಿಜಾಪುರಕ್ಕೆ ಬಂದು ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಆದಿಲಶಾಹಿ ಅರಸರ ಪಾಳುಮಹಲುಗಳ ನಡುವೆ ಮತ್ತೆ ಜೀವ ತಳೆಯುತ್ತಿದ್ದ ಬಡ ಊರು ಅದು. ಸುತ್ತಲೂ ಎರೆಯ ಹೊಲಗಳು. ತಿಕೋಟಾ, ಬಬಲೇಶ್ವರಗಳು ಇಂದು ತಾಲೂಕು ಕೇಂದ್ರಗಳು. ಅಂದು ವಿಜಾಪುರ ತಾಲೂಕಿನ ಹಳ್ಳಿಗಳು. ಡೋಣಿ ನದಿ ತುಂಬಿ ಹರಿದರೆ ಜೋಳಕ್ಕೆ ಕೊರತೆಯಿಲ್ಲವೆಂಬುದು ಈ ಸೀಮೆಯ ಜನರ ನಂಬಿಕೆ. ಆದರೆ ಮಳೆ ಕೈಕೊಟ್ಟ ವರ್ಷಗಳೇ ಅಧಿಕ. ಬರ ಬಂದಾಗ ರೈತರು ಸಾಲದಲ್ಲಿ ಮುಳುಗುವರು. ಸಾಲದ ಹಿಂದೆ ವ್ಯಾಜ್ಯ. ವ್ಯಾಜ್ಯಕ್ಕಾಗಿ ಜಿಲ್ಲಾ ಕೋರ್ಟು. ಜಿಲ್ಲೆಯ ವಕೀಲರ ಮುಂದೆ ಕೈಜೋಡಿಸಿ ನಿಲ್ಲುತ್ತಿದ್ದವರು ಇಂಥ ಒಕ್ಕಲುಮಕ್ಕಳೇ. ಅವರ ಸಂಕಟಕ್ಕೆ ಕೋರ್ಟಿನ ತೀರ್ಪೊಂದೇ ಮದ್ದಲ್ಲವೆಂದು ಕಂಡ ಹಳಕಟ್ಟಿಯವರು ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ನೆರವಾದರು; ಶ್ರೀ ಸಿದ್ಧೇಶ್ವರ ಬ್ಯಾಂಕು 1912ರಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ, 1910ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದ್ದರು. ತಾವು ವಿದ್ಯೆಗಾಗಿ ಊರು ಬಿಟ್ಟು ದೂರ ಹೋದವರು. ಈ ಜಿಲ್ಲೆಯ ಮಕ್ಕಳಿಗೆ ವಿದ್ಯೆ ಮನೆಯ ಹತ್ತಿರವೇ ದೊರೆಯಬೇಕೆಂಬುದು ಅವರ ಆಸೆಯಾಗಿತ್ತು.

ಈ ನಡುವೆ ಓಲೆಗರಿಗಳ ಬೇಟೆ ಪ್ರಾರಂಭವಾಗಿತ್ತು. ಕೃಷ್ಣಾ ತೀರದ ರಬಕವಿಯಲ್ಲಿ ಮಂಚಾಲೆಯವರ ಮನೆಯಲ್ಲಿ ಅವರು ಪ್ರಭುದೇವರ ವಚನಗಳ ಕಟ್ಟನ್ನು ಕಂಡರು. ಅದನ್ನು ಓದಿದ ಮೇಲೆ ಅವರಿಗೆ ನಿದ್ದೆಯಿಲ್ಲದಂತಾಯಿತು ಎನ್ನಬಹುದು. ಅಂದಿನಿಂದ ಯಾವ ಊರಿನ ಯಾವ ಮನೆಯಲ್ಲಿ ಕಟ್ಟುಗಳಿವೆಯೆಂದು ಸುಳಿವು ಸಿಕ್ಕಿದರೂ ಅಲ್ಲಿಗೆ ನಡೆದರು. ಕೆಲವರು ಸಂತೋಷದಿಂದ ಕೊಟ್ಟರು. ಕೆಲವರು ಪೂಜೆಯ ವಸ್ತುವನ್ನು ಮನೆಯಿಂದ ಹೊರಗೆ ಕಳುಹಿಸಲು ಒಪ್ಪಲಿಲ್ಲ. ಅಂಥಲ್ಲಿ ಕುಳಿತೇ ಪ್ರತಿ ಮಾಡಿಕೊಳ್ಳಬೇಕಾಗುತ್ತಿತ್ತು.

ಓಲೆಗರಿಯನ್ನು ಓದುವುದು ಸುಲಭವಲ್ಲ. ಕಂಠದಿಂದ ಕೊರೆದ ಅಕ್ಷರಗಳು ಬರಿಗಣ್ಣಿಗೆ ಕಾಣುವುದಿಲ್ಲ; ಕಾಡಿಗೆಯನ್ನೋ ಸೊಪ್ಪಿನ ರಸವನ್ನೋ ಸವರಿ ಒರಸಿದರೆ ಗೆರೆಗಳಲ್ಲಿ ಮಸಿ ನಿಂತು ಅಕ್ಷರ ಏಳುತ್ತದೆ. ಪದಪದಕ್ಕೆ ನಡುವೆ ತೆರಪಿಲ್ಲ. ಗರಿಯ ಅಂಚು ಮುರಿದಿದ್ದರೆ ಸಾಲಿನ ಕೊನೆಯ ಮಾತೇ ಇಲ್ಲ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ಯಾವುದು ಸರಿಯೆಂದು ಹತ್ತು ಪ್ರತಿಗಳನ್ನು ಹರಡಿಕೊಂಡು ನೋಡಬೇಕು. ಇಲ್ಲಿ ಅವರ ಮುಂಬಯಿಯ ವಿಜ್ಞಾನದ ಓದು ಕೆಲಸಕ್ಕೆ ಬಂದಿತೆಂದು ನನಗೆ ತೋರುತ್ತದೆ. ಸಂಗ್ರಹಿಸುವುದು, ಹೋಲಿಸುವುದು, ವರ್ಗೀಕರಿಸುವುದು ಪ್ರಯೋಗಶಾಲೆಯ ಅಭ್ಯಾಸಗಳು. ಭಕ್ತಿಯೊಂದರಿಂದಲೇ ಆಗುವ ಕೆಲಸ ಇದಾಗಿರಲಿಲ್ಲ.

ವರ್ಷಾನುಗಟ್ಟಲೆಯ ದುಡಿಮೆಯಿಂದ ವಚನಶಾಸ್ತ್ರಸಾರವೆಂಬ ಗ್ರಂಥ ಸಿದ್ಧವಾಯಿತು. ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಜೋಡಿಸಿದ ಗ್ರಂಥವದು. ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಕನ್ನಡ ಅಚ್ಚಿನ ಕೆಲಸಕ್ಕೆ ಆಗ ಅದೇ ಹೆಸರಾದ ಸ್ಥಳ. ಅಲ್ಲಿ ಅದು ಅಚ್ಚಾಗದೆ ಹಿಂದಿರುಗಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಅದರ ಮೊದಲ ಭಾಗ ಹೊರಬಂತು. ಕನ್ನಡದ ಓದುಗರಿಗೆ ತಮ್ಮ ಮನೆಯ ನೆಲದಲ್ಲಿಯೇ ಹೂತಿದ್ದ ನಿಧಿ ಕಾಣಿಸಿದಂತಾಯಿತು. ಬಸವಣ್ಣನವರ ಬಾಗೇವಾಡಿ ಇರುವುದು ವಿಜಾಪುರ ಜಿಲ್ಲೆಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು.

ಮುದ್ರಣಕ್ಕಾಗಿ ಪರರ ಬಾಗಿಲನ್ನು ಕಾಯುವುದು ಇನ್ನು ಸಾಕೆನಿಸಿತು. ಮುಂಬಯಿಯಲ್ಲಿ ಒಂದೊಂದು ಮುದ್ರಣಾಲಯ ಒಂದು ಭಾಷೆಯನ್ನೇ ಎತ್ತಿ ನಿಲ್ಲಿಸಿದುದನ್ನು ಅವರು ಕಂಡವರಲ್ಲವೇ? 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ, ಬಂದ ಹಣದಿಂದ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ವಕೀಲರೊಬ್ಬರು ಇದ್ದ ಮನೆಯನ್ನು ಮಾರಿ ಅಚ್ಚಿನ ಯಂತ್ರವನ್ನು ಕೊಂಡುದು ಅನೇಕರಿಗೆ ಹುಚ್ಚಾಗಿ ಕಂಡಿರಬೇಕು. ಪತ್ನಿ ಭಾಗೀರಥಿಬಾಯಿಯವರು ಬಾಡಿಗೆಯ ಮನೆಯ ಬದುಕಿನ ಭಾರವನ್ನು ಹೊತ್ತರು. ಇಂಥವರ ತ್ಯಾಗಕ್ಕೆ ಚರಿತ್ರೆಯ ಪುಟಗಳಲ್ಲಿ ಒಂದೆರಡು ಸಾಲುಗಳಷ್ಟೇ ದೊರೆಯುತ್ತವೆ. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಅಲ್ಲಿಂದ ಹೊರಟುವು. ಬರೆಯುವವರು, ತಿದ್ದುವವರು, ಕರಡು ನೋಡುವವರು ಬಹುಮಟ್ಟಿಗೆ ಹಳಕಟ್ಟಿಯವರೇ. ಚಂದಾದಾರರು ಕೆಲವರೇ; ಖರ್ಚು ಮಾತ್ರ ತಪ್ಪದು. ಹಗಲು ಕೋರ್ಟಿನಲ್ಲಿ ದುಡಿದದ್ದನ್ನು ರಾತ್ರಿ ಅಚ್ಚಿನ ಮನೆ ನುಂಗುತ್ತಿತ್ತು. ಕ್ರಮೇಣ ಕೋರ್ಟಿನ ದುಡಿಮೆಯೇ ಹಿಂದೆ ಸರಿಯಿತು. ಆದರೂ ಶಿವಾನುಭವವನ್ನು ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿಕೊಂಡು ಬಂದರು.

ಹಳಕಟ್ಟಿಯವರ ಮುಂಚೆ ವಿದ್ವಾಂಸರಿಗೆ ತಿಳಿದಿದ್ದ ವಚನಕಾರರು ಐವತ್ತರಷ್ಟು. ಅವರ ಶೋಧನೆಯಿಂದ ಆ ಸಂಖ್ಯೆ 250ನ್ನು ದಾಟಿತು. ಅವರಲ್ಲಿ ಅಂಬಿಗರಿದ್ದರು, ಮಡಿವಾಳರಿದ್ದರು, ಮಾದಾರರಿದ್ದರು, ಹೆಣ್ಣುಮಕ್ಕಳೂ ಅನೇಕರಿದ್ದರು. ಹರಿಹರ ಕವಿಯ 42 ರಗಳೆಗಳನ್ನೂ ಹಳಕಟ್ಟಿಯವರು ಬೆಳಕಿಗೆ ತಂದರು.

ನಾಡು ಅವರನ್ನು ಪೂರ್ಣವಾಗಿ ಮರೆಯಲಿಲ್ಲ. 1920ರ ದಶಕದ ಆರಂಭದಲ್ಲಿ ಅವರು ಮುಂಬಯಿ ಶಾಸನಸಭೆಯ ಸದಸ್ಯರಾದರು. ಹದಿನಾರು ವರ್ಷದವರಾಗಿದ್ದಾಗ ಯಾರೂ ಅರಿಯದ ವಿದ್ಯಾರ್ಥಿಯಾಗಿ ಕಾಲಿಟ್ಟ ನಗರಕ್ಕೆ ತಮ್ಮ ಜಿಲ್ಲೆಯ ದನಿಯಾಗಿ ಮರಳಿದರು. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸರಕಾರವು ರಾವ್‌ಬಹಾದ್ದೂರ್ ಪದವಿಯನ್ನು ಕೊಟ್ಟಿತು. ಪದವಿ ಬಂದರೂ ಉಡುಪು ಬದಲಾಗಲಿಲ್ಲ. ತೇಪೆ ಹಾಕಿದ ಕೋಟನ್ನು ತೊಟ್ಟು, ಸೈಕಲ್ಲನ್ನೇರಿ ವಿಜಾಪುರದ ಬೀದಿಗಳಲ್ಲಿ ಸಾಗುತ್ತಿದ್ದ ಮುದುಕರನ್ನು ಊರಿನ ಹಿರಿಯರು ಬಹುಕಾಲ ನೆನೆಯುತ್ತಿದ್ದರು.

ಕರ್ನಾಟಕ ವಿಶ್ವವಿದ್ಯಾನಿಲಯವು 1949ರಲ್ಲಿ ಆರಂಭವಾದದ್ದು ಮುಂಬಯಿಯಲ್ಲಿ; ಮರುವರ್ಷ ಅದು ಧಾರವಾಡಕ್ಕೆ ಬಂತು. ಕನ್ನಡದ ಹುಡುಗರು ಪದವಿಗಾಗಿ ಘಟ್ಟ ಇಳಿಯಬೇಕಾಗಿದ್ದ ಕಾಲ ಹೀಗೆ ಮುಗಿಯಿತು. ಅದೇ ವಿಶ್ವವಿದ್ಯಾನಿಲಯ 1956ರಲ್ಲಿ ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿತು. ಅದೇ ವರ್ಷದ ನವೆಂಬರ್ 1ರಂದು ಮುಂಬಯಿ ಕರ್ನಾಟಕದ ಜಿಲ್ಲೆಗಳು ಏಕೀಕೃತ ಮೈಸೂರು ರಾಜ್ಯದಲ್ಲಿ ಸೇರಿದುವು. ಹಳಕಟ್ಟಿಯವರಿಗೆ ಆಗ ಎಪ್ಪತ್ತಾರು ವರ್ಷ. ವಿಜಾಪುರದಲ್ಲಿ ಹುಟ್ಟಿದ ಆಲೂರರಿಗೂ ಅಷ್ಟೇ. ತಮ್ಮ ಯೌವನದ ಕನಸು ನನಸಾದುದನ್ನು ಇಬ್ಬರೂ ಕಂಡರು. 1964ರಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು.

ಹಳಕಟ್ಟಿಯವರು ಕಣ್ಮುಚ್ಚಿದ್ದು ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನ ಉಳಿದಿರುವಾಗ. ಇಂದು ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಅವರ ಹೆಸರಿನದೇ ಇಂಜಿನಿಯರಿಂಗ್ ಕಾಲೇಜು 1980ರಿಂದ ನಡೆಯುತ್ತಿದೆ. ತಿಕೋಟಾದಿಂದಲೂ ಬಬಲೇಶ್ವರದಿಂದಲೂ ವಿದ್ಯಾರ್ಥಿಗಳು ಬೆಳಗಿನ ಬಸ್ಸು ಹತ್ತಿ ವಿಜಯಪುರದ ಕಾಲೇಜುಗಳಿಗೆ ಬಂದು, ಸಂಜೆ ತಮ್ಮ ಮನೆಗೆ ಮರಳಬಹುದಾಗಿದೆ.